ಗಿಟಾರಿಗೆ ಜವಾರಿ ಬೇಡ: ಸೆಟಪ್ ಕಲಿಯುವವರಿಗೆ ಒಂದಿಷ್ಟು ಟಿಪ್ಪಣಿ

ಧಾರವಾಡದ ಸಪ್ತಾಪುರದಲ್ಲಿ ನಾನು ಬಾಡಿಗೆಗಿರುವ ಮನೆಯ ಅಜ್ಜ ತಂಬೂರಿ ಇಟ್ಟುಕೊಂಡಿದ್ದಾರೆ. ನನ್ನದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್. ತಂದ ವಾರದಲ್ಲೇ ಮೊದಲ ನಾಲ್ಕೈದು ಫ್ರೆಟ್ಟುಗಳಲ್ಲಿ (ನೆಕ್, ಅಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳಲ್ಲಿ) ತಂತಿ ಝರ್ ಅನ್ನತೊಡಗಿತು. ನಾನು ಸ್ಕ್ರೂ ತಿರುಗಿಸುತ್ತಾ ಕೂತಿದ್ದನ್ನು ನೋಡಿ ಅಜ್ಜ ನಕ್ಕರು. "ತಮ್ಮಾ, ಈ ಝರ್ ಅನ್ನೋದು ತರಸಾಕ ನಾವು ಗಂಟೆಗಟ್ಟಲೆ ಕೂಡ್ತೀವಿ. ನೀ ನೋಡಿದ್ರ ಅದನ್ನ ಓಡ್ಸಾಕ ಹತ್ತೀಯಲ್ಲ!"

ಅವರು ಹೇಳಿದ್ದು ಜವಾರಿಯ ಮಾತು. ಜವಾರಿ ಕೋಳಿ, ಜವಾರಿ ಮೆಣಸಿನಕಾಯಿಯ ಜವಾರಿ ಅಲ್ಲ. ತಂಬೂರಿಯ ಕುದುರೆ ಅಗಲವಾಗಿ, ಮೇಲೆ ತುಸು ಉಬ್ಬಿರುತ್ತದೆ. ತಂತಿ ಅದನ್ನು ಸವರುತ್ತಲೇ ಅಲುಗುತ್ತದೆ. ತಂತಿಯ ಕೆಳಗೆ ಒಂದು ದಾರದ ಎಳೆ ಇಟ್ಟು, ಅದನ್ನು ಕೂದಲೆಳೆಯಷ್ಟು ಸರಿಸಿ ಜವಾರಿ ಎನ್ನುವ ಆ ಝೇಂಕಾರವನ್ನು ಹದಕ್ಕೆ ತರುತ್ತಾರೆ. ಗಿಟಾರಿನ ತಂತಿ ಹೀಗೆಯೇ ಫ್ರೆಟ್ಟನ್ನು ಸವರಿದರೆ ನಾವು ಅದನ್ನು ದೋಷ ಅನ್ನುತ್ತೇವೆ. ಸೆಟಪ್ ಎಂದರೆ ಮುಕ್ಕಾಲು ಪಾಲು ಇಷ್ಟೇ: ಫ್ರೆಟ್ಟಿಗೆ ತಾಗದ ಹಾಗೆ ತಂತಿಯನ್ನು ಎಷ್ಟು ಕೆಳಗೆ ತರಬಹುದು?

ನನ್ನ ತಪ್ಪು ಮೊದಲು ಹೇಳಿಬಿಡುತ್ತೇನೆ. ಝರ್ ಬಂತು ಅಂತ ಸೀದಾ ಬ್ರಿಜ್ಜಿನ (ಗಿಟಾರಿನ ಕುದುರೆಯ) ಮೇಲೆ ತಂತಿ ಕೂರುವ ಸ್ಯಾಡಲ್‌ಗಳನ್ನು ಎತ್ತಿದೆ. ಸದ್ದು ಹೋಯಿತು. ಆದರೆ 12ನೇ ಫ್ರೆಟ್ಟಿನ ಆಚೆ ತಂತಿ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಮೇಲೆ ನಿಂತಿತು, ಬೆರಳು ಉರಿಯತೊಡಗಿತು. ರೋಗ ಇದ್ದದ್ದು ನೆಕ್ಕಿನಲ್ಲಿ, ನಾನು ಔಷಧ ಹಚ್ಚಿದ್ದು ಬ್ರಿಜ್ಜಿಗೆ.

ಅದಕ್ಕೇ ಝರ್ ಎಲ್ಲಿ ಬರುತ್ತದೆ ಅಂತ ಮೊದಲು ಕೇಳಿಸಿಕೊಳ್ಳಿ. ಮೊದಲ ಐದು ಫ್ರೆಟ್ಟುಗಳಲ್ಲಿ ಮಾತ್ರ ಬಂದರೆ ಹೆಚ್ಚಾಗಿ ನೆಕ್ ಬೇಕಾದ್ದಕ್ಕಿಂತ ನೆಟ್ಟಗಿದೆ, ಇಲ್ಲವೇ ಹಿಂದಕ್ಕೆ ಬಾಗಿದೆ. ಎಲ್ಲ ಕಡೆ ಬಂದರೆ ಸ್ಯಾಡಲ್ ತಗ್ಗಿನಲ್ಲಿದೆ. ಖಾಲಿ ತಂತಿಯಲ್ಲಷ್ಟೇ ಬಂದು, ಒತ್ತಿದಾಗ ನಿಂತರೆ ನಟ್ಟಿನ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿಯ) ಕಚ್ಚು ಆಳವಾಗಿದೆ. ಒಂದೇ ಫ್ರೆಟ್ಟಿನಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿರಬಹುದು. ಈ ಕೊನೆಯ ಎರಡು ಕೆಲಸಕ್ಕೆ ಅರ ಬೇಕು, ಪಳಗಿದ ಕೈ ಬೇಕು. ನಾನಂತೂ ಮುಟ್ಟುವುದಿಲ್ಲ.

ಈಗ ನೆಕ್. ಆರು ತಂತಿಯ ಎಳೆತ ನೆಕ್ಕನ್ನು ಮುಂದಕ್ಕೆ ಬಗ್ಗಿಸುತ್ತದೆ. ಒಳಗಿರುವ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಅದನ್ನು ಹಿಂದಕ್ಕೆ ಹಿಡಿದಿರುತ್ತದೆ. ಪೂರ್ತಿ ನೆಟ್ಟಗಿದ್ದರೂ ಸರಿಯಲ್ಲ, ಯಾಕೆಂದರೆ ಅಲುಗುವ ತಂತಿಗೆ ನಡುವೆ ಜಾಗ ಬೇಕು. ಅಳೆಯುವುದು ಹೀಗೆ. ತಂತಿಗಳು ಶ್ರುತಿಯಲ್ಲಿರಲಿ. ಮೊದಲ ಫ್ರೆಟ್ಟಿಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ, ನೆಕ್ ದೇಹಕ್ಕೆ ಸೇರುವ ಕಡೆಯ ಫ್ರೆಟ್ಟನ್ನು ಬೆರಳಿನಿಂದ ಒತ್ತಿ. ಈಗ ತಂತಿಯೇ ನಿಮ್ಮ ನೆಟ್ಟನೆಯ ಪಟ್ಟಿ. ಏಳು ಅಥವಾ ಎಂಟನೇ ಫ್ರೆಟ್ಟಿನ ನೆತ್ತಿಗೂ ತಂತಿಗೂ ನಡುವೆ ಸುಮಾರು 0.25 ಮಿಲಿಮೀಟರ್ ಸಂದು ಇದ್ದರೆ ಸಾಕು. ಅಷ್ಟು ಸಣ್ಣದನ್ನು ಅಳೆಯೋದು ಹೇಗೆ ಅಂತ ತಲೆಕೆಡಿಸಿಕೊಳ್ಳಬೇಡಿ. 10 ಗೇಜಿನ ಸೆಟ್ಟಿನ ಮೊದಲ (ಎಲ್ಲಕ್ಕಿಂತ ಸಣ್ಣ) ತಂತಿಯ ದಪ್ಪ ಸರಿಯಾಗಿ ಅಷ್ಟೇ. ತಂತಿ ಬದಲಿಸುವಾಗ ಕತ್ತರಿಸಿದ ತುಂಡನ್ನು ಎತ್ತಿಡಿ. ಅದು ಸಂದಿನಲ್ಲಿ ಎಲ್ಲೂ ತಳ್ಳದೆ, ಸಡಿಲವೂ ಆಗದೆ ಜಾರಬೇಕು.

ಸಂದು ಜಾಸ್ತಿ ಇದ್ದರೆ ಟ್ರಸ್ ರಾಡಿನ ತುದಿಯ ತಿರುಪು ನಟ್ಟನ್ನು ಗಡಿಯಾರದ ದಿಕ್ಕಿಗೆ ಬಿಗಿ ಮಾಡಿ, ಕಡಿಮೆ ಇದ್ದರೆ ಸಡಿಲಿಸಿ. ಒಮ್ಮೆಗೆ ಕಾಲು ಸುತ್ತು, ಅದಕ್ಕಿಂತ ಹೆಚ್ಚಿಲ್ಲ. ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಮರ ಪೂರ್ತಿ ಕೂರಲು ರಾತ್ರಿಯೊಂದು ಬಿಡುವುದು ಒಳ್ಳೆಯದು. ಅಲೆನ್ ಕೀ ಅಳತೆಗೆ ಸರಿಯಾಗಿರಬೇಕು. ಸ್ವಲ್ಪ ಸಣ್ಣದು ಹಾಕಿ ತಿರುಗಿಸಿದರೆ ನಟ್ಟಿನ ಮೂಲೆ ಸವೆದುಹೋಗುತ್ತದೆ, ಆಮೇಲೆ ಯಾವ ಕೀಯೂ ಹಿಡಿಯುವುದಿಲ್ಲ. ಗಟ್ಟಿಯಾಗಿದೆ ಅನ್ನಿಸಿದರೆ ಬಲ ಹಾಕಬೇಡಿ, ನಿಲ್ಲಿಸಿ.

ಇದಾದ ಮೇಲೇ ಸ್ಯಾಡಲ್. 12ನೇ ಫ್ರೆಟ್ಟಿನ ಮೇಲೆ ಖಾಲಿ ತಂತಿಯ ಎತ್ತರ ನೋಡಿ. ಸಣ್ಣ ತಂತಿಗೆ 1.5, ದಪ್ಪ ತಂತಿಗೆ 2 ಮಿಲಿಮೀಟರಿನಿಂದ ಶುರು ಮಾಡಬಹುದು. ಶಾಲೆಯ ಪ್ಲಾಸ್ಟಿಕ್ ಸ್ಕೇಲ್ ಇಲ್ಲಿ ಮೋಸ ಮಾಡುತ್ತದೆ, ಅದರ ಸೊನ್ನೆ ಅಂಚಿನಿಂದ ಶುರುವಾಗುವುದಿಲ್ಲ. ಅರ್ಧ ಮಿಲಿಮೀಟರ್ ಗೆರೆ ಇರುವ ಸ್ಟೀಲ್ ಪಟ್ಟಿ ಇರಲಿ. ಜೋರಾಗಿ ಬಾರಿಸುವ ಕೈಯಾದರೆ ಇನ್ನೂ ತುಸು ಎತ್ತರ ಬೇಕು. ಆಂಪ್ಲಿಫಯರ್ ಇಲ್ಲದಾಗ ಕೇಳಿಸುವ ಸಣ್ಣ ಝರ್ ಆಂಪ್ಲಿಫಯರಿನಲ್ಲಿ ಕೇಳಿಸದಿದ್ದರೆ ಬಿಟ್ಟುಬಿಡಿ. ನನ್ನ ಆರನೇ ತಂತಿಯಲ್ಲಿ ಅಂಥದ್ದು ಉಳಿದಿದೆ, ಅಜ್ಜನಿಗೆ ಅದು ಇಷ್ಟ.

ಮುಂದಿನದು ಇಂಟೊನೇಶನ್, ಅಂದರೆ ಪ್ರತಿ ಫ್ರೆಟ್ಟಿನಲ್ಲೂ ಸ್ವರ ಸರಿಯಾಗಿ ಬರುವ ಹಾಗೆ ಮಾಡುವುದು. ಸಿತಾರ ರತ್ನ ರಹಿಮತ್ ಖಾನರು ನೆಲೆಸಿದ ಊರು ನಮ್ಮದು, ಸಿತಾರ್ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಸಿತಾರಿನ ಪರದೆಗಳನ್ನು ದಾರದಿಂದ ಕಟ್ಟಿರುತ್ತಾರೆ. ಸ್ವರ ತಪ್ಪಿದರೆ ಪರದೆಯನ್ನೇ ಸರಿಸುತ್ತಾರೆ. ಗಿಟಾರಿನ ಫ್ರೆಟ್ ಮರದಲ್ಲಿ ಹೂತಿದೆ. ಹಾಗಾಗಿ ನಾವು ಸರಿಸುವುದು ತಂತಿಯ ಇನ್ನೊಂದು ತುದಿಯನ್ನು, ಅಂದರೆ ಸ್ಯಾಡಲನ್ನು.

ಐದನೇ ತಂತಿ ಖಾಲಿ ಬಿಟ್ಟಾಗ 110 ಹರ್ಟ್ಜ್. 12ನೇ ಫ್ರೆಟ್ಟಿನಲ್ಲಿ ಸರಿಯಾಗಿ 220 ಬರಬೇಕು. ಆದರೆ ಒತ್ತಿದಾಗ ತಂತಿ ಸ್ವಲ್ಪ ಎಳೆಯಲ್ಪಟ್ಟು ಸ್ವರ ಏರುತ್ತದೆ. ಆ ಏರಿಕೆಯನ್ನು ಸರಿದೂಗಿಸಲು ತಂತಿಯನ್ನು ಕೊಂಚ ಉದ್ದ ಮಾಡುತ್ತೇವೆ. ಟ್ಯೂನರ್ ಹಾಕಿ 12ನೇ ಫ್ರೆಟ್ಟಿನ ಹಾರ್ಮೋನಿಕ್ (ಒತ್ತದೆ, ತಂತಿಯನ್ನು ಬೆರಳಿನಿಂದ ಸುಮ್ಮನೆ ಮುಟ್ಟಿ ಬಾರಿಸಿದಾಗ ಬರುವ ಸ್ವರ) ಕೇಳಿ, ಆಮೇಲೆ ಅಲ್ಲೇ ಒತ್ತಿ ಬಾರಿಸಿ. ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲ್ ನೆಕ್ಕಿನಿಂದ ಹಿಂದೆ ಹೋಗಲಿ, ಕೆಳಗಿದ್ದರೆ ಮುಂದೆ ಬರಲಿ. ಪ್ರತಿ ಸಲ ಶ್ರುತಿ ಮತ್ತೆ ಮಾಡಲೇಬೇಕು. ಇದನ್ನು ಹೊಸ ತಂತಿಯಲ್ಲೇ ಮಾಡಿ. ಬೆವರು ಹಿಡಿದು ಸವೆದ ತಂತಿ ಸುಳ್ಳು ಹೇಳುತ್ತದೆ. ನಾನು ಒಂದು ಭಾನುವಾರ ಪೂರ್ತಿ ಹಳೇ ತಂತಿಯ ಜೊತೆ ಸುಮ್ನೆ ಹೆಣಗಿದ್ದೆ.

ಒಂದು ಎಚ್ಚರಿಕೆ, ನಮ್ಮ ಊರಿನ ಕಿವಿಗಳಿಗೆ. ಎಲ್ಲ ಸರಿ ಮಾಡಿದ ಮೇಲೂ ತಂಬೂರಿಯ ಜೊತೆ ಗಿಟಾರಿನ ಶುದ್ಧ ಗಾಂಧಾರ ತುಸು ಮೇಲೆ ಕೇಳಿಸುತ್ತದೆ. ಅದು ಸೆಟಪ್ಪಿನ ತಪ್ಪಲ್ಲ. ಗಿಟಾರಿನಲ್ಲಿ ಸಪ್ತಕವನ್ನು 12 ಸಮಭಾಗ ಮಾಡಿದ್ದಾರೆ. ಒಂದು ಭಾಗಕ್ಕೆ 100 ಸೆಂಟ್ ಲೆಕ್ಕದಲ್ಲಿ ಗಿಟಾರಿನ ಗಾಂಧಾರ 400 ಸೆಂಟ್, ತಂಬೂರಿಯಲ್ಲಿ ತಾನಾಗಿ ಮೊಳಗುವ ಗಾಂಧಾರ ಸುಮಾರು 386. ಈ 14 ಸೆಂಟನ್ನು ಯಾವ ಸ್ಕ್ರೂ ತಿರುಗಿಸಿಯೂ ತೆಗೆಯಲಾಗದು.

ಪಿಕಪ್ ಬಗ್ಗೆ ಎರಡೇ ಮಾತು. ತಂತಿಯ ಅಲುಗಾಟವನ್ನು ಹಿಡಿದು ಆಂಪ್ಲಿಫಯರಿಗೆ ಕಳಿಸುವ ಅದು ಅಯಸ್ಕಾಂತ. ತೀರಾ ಹತ್ತಿರ ಇಟ್ಟರೆ ತಂತಿಯನ್ನೇ ಎಳೆದು ಸ್ವರವನ್ನು ಅಲುಗಾಡಿಸುತ್ತದೆ, ನಾದ ಬೇಗ ಸಾಯುತ್ತದೆ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ಎರಡು, ಎರಡೂವರೆ ಮಿಲಿಮೀಟರ್ ದೂರ ಇರಲಿ, ಮುಂದಿನದು ಕಿವಿಗೆ ಬಿಟ್ಟದ್ದು.

ಶ್ರುತಿ ಮಾಡುವಾಗ ಟಿಂಗ್ ಅಂತ ಸದ್ದಾಗಿ ಸ್ವರ ಹಾರಿದರೆ ತಂತಿ ನಟ್ಟಿನಲ್ಲಿ ಸಿಕ್ಕಿಕೊಂಡಿದೆ. ಅದರ ಕಚ್ಚಿಗೆ ಪೆನ್ಸಿಲ್ಲಿನ ಸೀಸ ತಿಕ್ಕಿ.

ನಮ್ಮ ಹವೆ ಗಿಟಾರಿಗೆ ಸುಲಭದ್ದಲ್ಲ. ಜಿಟಿಜಿಟಿ ಮಳೆಯ ತಿಂಗಳುಗಳಲ್ಲಿ ಮರ ತೇವ ಕುಡಿಯುತ್ತದೆ, ತಂತಿಗೆ ತುಕ್ಕು ಬರುತ್ತದೆ. ಬೇಸಿಗೆಯಲ್ಲಿ ಫ್ರೆಟ್‌ಬೋರ್ಡ್ ಒಣಗಿ ಕುಗ್ಗಿ, ಫ್ರೆಟ್ಟಿನ ತುದಿಗಳು ಅಂಚಿನಲ್ಲಿ ಹೊರಗೆ ಬಂದು ಅಂಗೈ ಗೀರುತ್ತವೆ. ಮಳೆ ಶುರುವಾದಾಗ ಒಮ್ಮೆ, ಮುಗಿದಾಗ ಒಮ್ಮೆ ನೆಕ್ ಅಳೆದರೆ ಸಾಕು. ಬಾರಿಸಿದ ಮೇಲೆ ಹಳೇ ಹತ್ತಿ ಬನಿಯನ್ನಿನಿಂದ ತಂತಿ ಒರೆಸಿ. ರೋಸ್‌ವುಡ್ ಬೋರ್ಡಿಗೆ ವರ್ಷಕ್ಕೊಂದೆರಡು ಸಲ ಎಣ್ಣೆ ಸವರಬಹುದು. ಪಾಲಿಶ್ ಇರುವ ಮೇಪಲ್ ಬೋರ್ಡಿಗೆ ಅದು ಬೇಡ.

ಕೊನೆಯದಾಗಿ, ಬಾಡಿಗೆ ಕೋಣೆಗಳ ಪ್ಲಗ್ಗು. ತಂತಿ ಮುಟ್ಟಿದಾಗ ಆಂಪ್ಲಿಫಯರಿನ ಗುಂಯ್ ಕಡಿಮೆಯಾದರೆ ಹೆದರಬೇಡಿ, ಅದು ಮಾಮೂಲು. ಆದರೆ ಕೈ ಜುಂ ಅಂದರೆ ತಕ್ಷಣ ಸ್ವಿಚ್ ಆಫ್ ಮಾಡಿ. ಅರ್ಥಿಂಗ್ ಇಲ್ಲದಿರಬಹುದು, ಆಂಪ್ಲಿಫಯರೇ ಕೆಟ್ಟಿರಬಹುದು. ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಆಂಪ್ಲಿಫಯರ್ ಹಚ್ಚದೆ ಬಾರಿಸಿ.