ನಾಲ್ಕು ಇಂಚು ಎತ್ತರಿಸಿದ ಜೀಪು

ಟೈರಿನ ಬದಿಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದೆವು. ಅದು ನೆಲ ಮುಟ್ಟುವಲ್ಲಿ ಸಿಮೆಂಟಿನ ಮೇಲೂ ಒಂದು ಗೆರೆ. ಗೆಳೆಯ ಜೀಪನ್ನು ಮೆಲ್ಲನೆ ಮುಂದಕ್ಕೆ ತಳ್ಳಿದ. ಟೈರಿನ ಗೆರೆ ಒಂದು ಸುತ್ತು ಬಂದು ಮತ್ತೆ ನೆಲ ಮುಟ್ಟಿದ ಕಡೆ ಇನ್ನೊಂದು ಗುರುತು ಹಾಕಿ ಟೇಪು ಹಿಡಿದೆವು: 2 ಮೀಟರ್ 60 ಸೆಂಟಿಮೀಟರ್. ಮಾರುವವರು ಹೇಳಿದ್ದು ನಿಜ, ಟೈರಿನ ವ್ಯಾಸ ಹೆಚ್ಚುಕಡಿಮೆ 33 ಇಂಚು.

ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿ, ದ್ರಾಕ್ಷಿ ತೋಟದ ಪಕ್ಕದ ಶೆಡ್ಡಿನಲ್ಲಿ ಮಾರಾಟಕ್ಕೆ ನಿಂತಿದ್ದ ಜೀಪು ಅದು. ಎರಡನೇ ಮಹಾಯುದ್ಧಕ್ಕಾಗಿ 1941ರಿಂದ 1945ರವರೆಗೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಇಂಥವನ್ನು ಆರು ಲಕ್ಷಕ್ಕೂ ಹೆಚ್ಚು ತಯಾರಿಸಿದವು. ನಮ್ಮ ಮೆಕ್ಯಾನಿಕ್‌ಗಳು ಇದನ್ನು ‘ಲೋ ಬಾನೆಟ್’ ಎನ್ನುತ್ತಾರೆ. ಮುಂದೆ ಮಹೀಂದ್ರಾ ದಶಕಗಳ ಕಾಲ ತಯಾರಿಸಿದ ಸಿಜೆ-3ಬಿ, ಎತ್ತರದ ಎಂಜಿನ್ನಿಗೆ ಜಾಗ ಮಾಡಿಕೊಡಲು ಮೂತಿ ಎತ್ತಿಕೊಂಡು ‘ಹೈ ಬಾನೆಟ್’ ಆಯಿತು. ಲೋ ಬಾನೆಟ್‌ನ ಮೂಲ ಎಂಜಿನ್ 2.2 ಲೀಟರಿನ, 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಶೆಡ್ಡಿನ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದ್ದರು, ಕಮಾನು ಪಟ್ಟಿಗಳನ್ನು (ಲೀಫ್ ಸ್ಪ್ರಿಂಗ್) ಬದಲಿಸಿ ನಾಲ್ಕು ಇಂಚು ಎತ್ತರಿಸಿದ್ದರು, ಮುಂದೆ ಹಿಂದೆ ಉಕ್ಕಿನ ಬಂಪರ್ ಬಿಗಿದಿದ್ದರು. ನೋಡಲು ಅದು ಬಲು ಚೆಂದವಿತ್ತು, ಗೆಳೆಯನ ಮನಸ್ಸು ಆಗಲೇ ಅದರ ಮೇಲೆ ಕೂತಿತ್ತು. ಅದಕ್ಕೇ ನಾನು ಸೀಮೆಸುಣ್ಣ ಒಯ್ದಿದ್ದೆ.

ಮೂಲ ಟೈರಿನ ವ್ಯಾಸ ಸುಮಾರು 28 ಇಂಚು. 33ನ್ನು 28ರಿಂದ ಭಾಗಿಸಿದರೆ 1.18. ಉಳಿದ ಲೆಕ್ಕಗಳೆಲ್ಲ ಈ ಒಂದು ಸಂಖ್ಯೆಯ ಬೆನ್ನು ಹಿಡಿದು ಬರುತ್ತವೆ. ಸ್ಪೀಡೋಮೀಟರ್ ಎಣಿಸುವುದು ಸುತ್ತುಗಳನ್ನೇ ಹೊರತು ದೂರವನ್ನಲ್ಲ. ಅದು 60 ತೋರಿಸುವಾಗ ಜೀಪು 70 ದಾಟಿರುತ್ತದೆ. ಎಳೆಯುವ ಬಲವೂ ಕುಗ್ಗುತ್ತದೆ. ರಾಗಿ ಬೀಸುವ ಕಲ್ಲಿನಲ್ಲಿ ಗೂಟ ನಡುವಿನಿಂದ ದೂರವಿದ್ದಷ್ಟೂ ಕೈಗೆ ಹಗುರ. ಚಕ್ರದಲ್ಲಿ ಇದು ತಿರುಗುಮುರುಗು: ಬಲ ನಡುವಿನಿಂದ ಹೊರಟು ಅಂಚಿನಲ್ಲಿ ನೆಲವನ್ನು ತಳ್ಳಬೇಕು, ಅಂಚು ದೂರವಾದಷ್ಟೂ ತಳ್ಳುವ ಬಲ ಕಡಿಮೆ. ಅದೇ ಗೇರಿನಲ್ಲಿ, ಅದೇ ಎಂಜಿನ್ನಿನಿಂದ ಶೇಕಡಾ 15ರಷ್ಟು ಬಲ ಹೋಯಿತು. ಅದನ್ನು ಮರಳಿ ಪಡೆಯಲು ಅಚ್ಚಿನ ನಡುವೆ ಕೂತು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನ ಹಲ್ಲುಗಳ ಅನುಪಾತವನ್ನು ಮೂಲದ 4.88ರಿಂದ 5.75ರ ಹತ್ತಿರಕ್ಕೆ ಒಯ್ಯಬೇಕು. ಶೆಡ್ಡಿನ ಜೀಪಿನಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ.

ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಬ್ರೇಕು. ಒಂಬತ್ತು ಇಂಚಿನ ಹಳೆಯ ಡ್ರಮ್ಮುಗಳೇ ಇದ್ದವು. ಇಲ್ಲಿ ಬೀಸುವ ಕಲ್ಲಿನ ದೂರದ ಗೂಟ ಹಿಡಿದಿರುವುದು ರಸ್ತೆ, ತಡೆಯಬೇಕಾದದ್ದು ಡ್ರಮ್ಮು. ಹೊಸ ಎಂಜಿನ್, ಬಂಪರ್, ಜನ ಎಲ್ಲ ಸೇರಿ ತೂಕ 1,400 ಕಿಲೋ ಎಂದುಕೊಳ್ಳಿ. ನಂದಿ ಬೆಟ್ಟದಿಂದ ಇಳಿಯುವಾಗ ಪ್ರತಿ 100 ಮೀಟರ್ ಎತ್ತರ ಕಳೆದುಕೊಂಡಾಗಲೂ ಬಿಡುಗಡೆಯಾಗುವ ಶಕ್ತಿ ಸುಮಾರು 13.7 ಲಕ್ಷ ಜೂಲ್. ನಾಲ್ಕು ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಇಳಿಜಾರಿನಲ್ಲಿ ಕೆಳಗಿನ ಗೇರು ಹಾಕಿದರೆ ಆ ಶಕ್ತಿಯ ಒಂದು ಪಾಲನ್ನು ಎಂಜಿನ್ ಹೊರುತ್ತದೆ. ಆದರೆ ದೊಡ್ಡ ಟೈರಿನಿಂದಾಗಿ ಅದರ ಹಿಡಿತವೂ ಸಡಿಲ. ಮಿಕ್ಕಿದ್ದೆಲ್ಲ ಶಾಖವಾಗಿ ಆ ಪುಟ್ಟ ಡ್ರಮ್ಮುಗಳನ್ನೇ ಸೇರಬೇಕು.

ಇನ್ನು ಎತ್ತರ. ಈ ಜೀಪಿನ ಎಡಬಲ ಚಕ್ರಗಳ ನಡುವಿನ ಅಂತರ 49 ಇಂಚು, ಅಂದರೆ ನಡುಗೆರೆಯಿಂದ ಒಂದೊಂದು ಬದಿಗೆ 62 ಸೆಂಟಿಮೀಟರ್. ಮೂಲ ಜೀಪಿನ ಗುರುತ್ವ ಕೇಂದ್ರ ನೆಲದಿಂದ 60 ಸೆಂಟಿಮೀಟರ್ ಮೇಲಿತ್ತು ಎಂದು ಇಟ್ಟುಕೊಳ್ಳೋಣ. 62ನ್ನು 60ರಿಂದ ಭಾಗಿಸಿದರೆ 1.03. ತಿರುವಿನಲ್ಲಿ ಪಕ್ಕಕ್ಕೆ ನೂಕುವ ಬಲ ವಾಹನದ ತೂಕದ 1.03ರಷ್ಟಾದರೆ ಅದು ಮಗುಚುತ್ತದೆ. ಆದರೆ ಒಣ ಡಾಂಬರಿನ ಮೇಲೆ ಟೈರಿನ ಹಿಡಿತ ಸಾಮಾನ್ಯವಾಗಿ ತೂಕದ 0.8ರಿಂದ 0.9ರ ಆಸುಪಾಸಿನಲ್ಲೇ ಮುಗಿಯುತ್ತದೆ. ಹಾಗಾಗಿ ಮೂಲ ಜೀಪು ಮಗುಚುವ ಮೊದಲೇ ಜಾರುತ್ತದೆ. ಜಾರಿದ ಗಾಡಿಯನ್ನು ಚಾಲಕ ಎಷ್ಟೋ ಸಲ ಹಿಡಿತಕ್ಕೆ ತಂದುಕೊಳ್ಳಬಹುದು.

ಟೈರಿನಿಂದ ಆರು, ಕಮಾನು ಪಟ್ಟಿಯಿಂದ ಹತ್ತು ಸೆಂಟಿಮೀಟರ್ ಏರಿದೆ. ಅಚ್ಚುಗಳು ಅಷ್ಟು ಏರಿಲ್ಲವಾದ್ದರಿಂದ ಗುರುತ್ವ ಕೇಂದ್ರ 14 ಸೆಂಟಿಮೀಟರ್ ಮೇಲೆ ಹೋಯಿತು ಎನ್ನೋಣ. ಈಗ 62ನ್ನು 74ರಿಂದ ಭಾಗಿಸಿ: 0.84. ಟೈರು ಕೈಬಿಡುವ ಮೊದಲೇ ಜೀಪು ಮಗುಚಬಹುದು! ಒಳ್ಳೆಯ ಹಿಡಿತದ ದುಬಾರಿ ಟೈರು ಹಾಕಿದಷ್ಟೂ ಅಪಾಯ ಹೆಚ್ಚು. 15 ಮೀಟರ್ ತ್ರಿಜ್ಯದ ಸಮತಟ್ಟಾದ ತಿರುವಿನಲ್ಲಿ ಆ ಮಿತಿ ಬರುವುದು ಗಂಟೆಗೆ 40 ಕಿಲೋಮೀಟರಿನಲ್ಲಿ. ಆಗ ಸ್ಪೀಡೋಮೀಟರ್ ಮುಳ್ಳು ಎಲ್ಲಿರುತ್ತದೆ? 34ರಲ್ಲಿ.

ಗೆಳೆಯ ಇಷ್ಟು ಹೊತ್ತಿಗೆ ಜೀಪಿನ ಅಡಿಗೆ ತೂರಿದ್ದ. ಗೇರ್‌ಬಾಕ್ಸಿನಿಂದ ಹಿಂದಿನ ಅಚ್ಚಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಕಡಿದಾಗಿ ಇಳಿದಿತ್ತು. ಈ ಜೀಪಿನ ಮುಂದಿನ ಹಿಂದಿನ ಅಚ್ಚುಗಳ ನಡುವೆ ಇರುವುದೇ 80 ಇಂಚು. ಶಾಫ್ಟ್ ಗಿಡ್ಡವಾದಷ್ಟೂ ಎತ್ತರಿಸಿದಾಗ ಅದರ ಕೋನ ಹೆಚ್ಚುತ್ತದೆ. ಶಾಫ್ಟಿನ ಎರಡೂ ತುದಿಯ ಕೀಲುಗಳಲ್ಲಿ ‘ಕ್ರಾಸ್’ ಎಂಬ, ಕೂಡುವ ಚಿಹ್ನೆಯ ಆಕಾರದ ಉಕ್ಕಿನ ತುಂಡು ಇರುತ್ತದೆ. 17ನೇ ಶತಮಾನದಲ್ಲಿ ರಾಬರ್ಟ್ ಹುಕ್ ವಿವರಿಸಿದ್ದ ಈ ಕೀಲಿಗೆ ಒಂದು ವಿಚಿತ್ರ ಗುಣವಿದೆ. ಕೋನದಲ್ಲಿ ತಿರುಗುವಾಗ ಅದು ಸಮವೇಗವನ್ನು ಸಮವಾಗಿ ದಾಟಿಸುವುದಿಲ್ಲ. 20 ಡಿಗ್ರಿ ಕೋನದಲ್ಲಿ ಪ್ರತಿ ಸುತ್ತಿಗೆ ಎರಡು ಬಾರಿ ಶೇಕಡಾ 6ರಷ್ಟು ವೇಗವಾಗಿ, ಎರಡು ಬಾರಿ ಅಷ್ಟೇ ನಿಧಾನವಾಗಿ ತಿರುಗಿಸುತ್ತದೆ. ಎರಡೂ ತುದಿಗಳ ಕೋನ ಒಂದೇ ಇದ್ದರೆ ಒಂದರ ಏರುಪೇರನ್ನು ಇನ್ನೊಂದು ಅಳಿಸಿಹಾಕುತ್ತದೆ. ಪಟ್ಟಿ ಬದಲಿಸಿ ಅಚ್ಚಿನ ಓರೆ ಕೆಟ್ಟರೆ ಅಳಿಸುವುದಿಲ್ಲ. ಗಾಡಿ ನಡುಗುತ್ತದೆ, ಕ್ರಾಸ್ ತಿಂದುಹೋಗುತ್ತದೆ.

ಕಾನೂನಿನ ಮಾತು ಚಿಕ್ಕದು. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸಬಾರದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. 50 ವರ್ಷ ದಾಟಿದ ವಿಂಟೇಜ್ ವಾಹನಗಳಿಗೆ ‘ವಿಎ’ ಅಕ್ಷರಗಳ ನೋಂದಣಿ ಕೊಡುವ 2021ರ ನಿಯಮವೂ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು ಎನ್ನುತ್ತದೆ. ಸಂಗ್ರಾಹಕರು ಕೊಡುವ ಬೆಲೆಯೂ ಅಲ್ಲೇ ನಿಂತಿದೆ. ಆದ್ದರಿಂದ ಇಂಥ ಜೀಪಿನಲ್ಲಿ ನಾನು ಹುಡುಕುವುದು ಹಿಂದಕ್ಕೆ ಹೋಗುವ ದಾರಿಯನ್ನು. ಬೋಲ್ಟ್ ಬಿಗಿದಿದ್ದರೆ ಬಿಚ್ಚಬಹುದು. ಚಾಸಿ ಕೊಯ್ದು ಬೆಸುಗೆ ಹಾಕಿದ್ದರೆ ಆ ಉಕ್ಕು ಮತ್ತೆ ಮೊದಲಿನಂತಾಗದು.

ಗೆಳೆಯ ಟಾರ್ಚ್ ಹಿಡಿದು ಚಾಸಿಯ ಉದ್ದಕ್ಕೂ ಬೆರಳಾಡಿಸುತ್ತ ಬಂದ. ಡೀಸೆಲ್ ಎಂಜಿನ್ ಕೂತಿದ್ದು ಬೋಲ್ಟ್ ಹಾಕಿದ ತುಂಡುಗಳ ಮೇಲೆ. ಎಲ್ಲಿಯೂ ಕೊಯ್ತವಿರಲಿಲ್ಲ. ಹೊರಬಂದು ಮೈಯ ಮಣ್ಣು ಕೊಡವಿಕೊಂಡು, ಹಳೆಯ ಪಟ್ಟಿಗಳನ್ನೂ ಎಂಜಿನ್ನನ್ನೂ ಏನು ಮಾಡಿದಿರಿ ಎಂದು ಕೇಳಿದ. ಮಾರುವವರು ಮಾತಾಡದೆ ನಮ್ಮನ್ನು ಶೆಡ್ಡಿನ ಹಿಂದಕ್ಕೆ ಕರೆದೊಯ್ದು, ಗೊಬ್ಬರದ ಚೀಲಗಳ ಪಕ್ಕದಲ್ಲಿದ್ದ ಟಾರ್ಪಾಲಿನ ಒಂದು ಮೂಲೆಯನ್ನು ಎತ್ತಿದರು.