ಹ್ಯಾಮ್ ಉಳಿದಿದೆ, ಹೊರಗೆ ಸೆಕೆ: ರಾತ್ರಿಗೆ ಏನು ಮಾಡೋಣ?

ಪ್ರಶ್ನೆ: ಇಲ್ಲಿ ಅಮೆರಿಕದಲ್ಲಿ ಜುಲೈ 4ರ ಸ್ವಾತಂತ್ರ್ಯ ದಿನಕ್ಕೆ ಗೆಳೆಯರನ್ನು ಊಟಕ್ಕೆ ಕರೆದಿದ್ದೆವು. 8 ಪೌಂಡಿನ ಹ್ಯಾಮ್ ತಂದಿದ್ದೆವು, ಅರ್ಧ ಹಾಗೇ ಉಳಿದಿದೆ. ಎರಡು ದಿನದಿಂದ ಸ್ಯಾಂಡ್‌ವಿಚ್ ತಿಂದು ಮಕ್ಕಳಿಗೂ ಬೇಜಾರಾಗಿದೆ. ಈ ಸೆಕೆಯಲ್ಲಿ ಓವನ್ ಹಚ್ಚೋಕೆ ಮನಸ್ಸಿಲ್ಲ. ಬೇಗ ಆಗುವ, ಹೊಟ್ಟೆಗೆ ಭಾರ ಅನ್ನಿಸದ ರಾತ್ರಿ ಊಟ ಏನಾದರೂ ಹೇಳ್ತೀರಾ?

ಉತ್ತರ: ಅಡುಗೆ ಮಾತಿಗಿಂತ ಮೊದಲು ಫ್ರಿಜ್ ಕಡೆ ಹೋಗಿ. ನಿಮ್ಮ ಲೆಕ್ಕದಲ್ಲಿ ಹ್ಯಾಮ್ ಅಲ್ಲಿ ಕೂತು ಆಗಲೇ ಎರಡು ದಿನ. ಬೇಯಿಸಿದ ಹ್ಯಾಮ್ ಉಳಿದರೆ ಫ್ರಿಜ್‌ನಲ್ಲಿ 3ರಿಂದ 4 ದಿನ ಮಾತ್ರ ಇಡಬೇಕು ಎಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಇವತ್ತಿಗೆ, ನಾಳೆಗೆ ಬೇಕಾದಷ್ಟು ಹೊರಗಿಡಿ. ಉಳಿದದ್ದನ್ನು ಚಿಕ್ಕ ಚಿಕ್ಕ ಚೀಲಗಳಲ್ಲಿ ಕಟ್ಟಿ ಈಗಲೇ ಫ್ರೀಜರ್‌ಗೆ ಹಾಕಿ. ಒಂದೊಂದು ಚೀಲಕ್ಕೆ 150 ಗ್ರಾಂ ಸಾಕು. ಅಷ್ಟರಲ್ಲಿ ನಾಲ್ಕು ಜನರ ಒಂದು ಹೊತ್ತಿನ ಊಟ ಆಗುತ್ತದೆ.

ನಾಲ್ಕು ಜನಕ್ಕೆ 150 ಗ್ರಾಂ ಅಂದರೆ ಕಡಿಮೆ ಅನ್ನಿಸಿತು, ಅಲ್ವಾ? ನಾನು ಹೇಳಬೇಕು ಅಂದುಕೊಂಡದ್ದೆಲ್ಲ ಆ ಅಳತೆಯಲ್ಲೇ ಇದೆ. ಹಬ್ಬದ ದಿನ ಹ್ಯಾಮ್ ತಟ್ಟೆಯ ನಡುವೆ ಕೂರುತ್ತದೆ. ಉಳಿದ ಹ್ಯಾಮ್‌ಗೆ ಆ ಜಾಗ ಕೊಡಬೇಡಿ. ಅದನ್ನು ಉಪ್ಪಿನಕಾಯಿಯ ಹಾಗೆ ನೋಡಿ. ಮೊಸರನ್ನದ ಪಕ್ಕ ಒಂದು ಹೋಳು ಮಾವಿನಕಾಯಿ ಎಷ್ಟು ಕೆಲಸ ಮಾಡುತ್ತದೋ, ತಣ್ಣಗಿನ, ಸಪ್ಪೆ, ಹುಳಿ ಪದಾರ್ಥದ ಜೊತೆ ಸಣ್ಣಗೆ ಹೆಚ್ಚಿದ ಹ್ಯಾಮ್ ಅಷ್ಟೇ ಕೆಲಸ ಮಾಡುತ್ತದೆ.

ಕಾರಣ ಸರಳ. ಹ್ಯಾಮ್ ಅಂದರೆ ಹಂದಿಯ ಹಿಂಗಾಲಿನ ತೊಡೆಯನ್ನು ಉಪ್ಪಿನಲ್ಲಿ ಹದ ಮಾಡಿದ ಮಾಂಸ. ಕೆಲವಕ್ಕೆ ಹೊಗೆಯನ್ನೂ ಕೊಟ್ಟಿರುತ್ತಾರೆ. ಅಮೆರಿಕದ ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಹ್ಯಾಮ್ ಉಪ್ಪುನೀರಿನಲ್ಲಿ ಹದವಾಗಿ, ಪೂರ್ತಿ ಬೆಂದೇ ಬಂದಿರುತ್ತದೆ. ನೀವು ಹಬ್ಬದ ದಿನ ಓವನ್‌ನಲ್ಲಿ ಇಟ್ಟದ್ದು ಬಿಸಿ ಮಾಡಲಿಕ್ಕೆ ಅಷ್ಟೇ. ಈಗ ಮತ್ತೆ ಅದನ್ನು ಕುದಿಸಿದರೆ, ಹುರಿದರೆ, ಇರುವ ಸ್ವಲ್ಪ ನೀರೂ ಹೋಗುತ್ತದೆ. ನಾರು ಗಟ್ಟಿಯಾಗುತ್ತದೆ, ಉಪ್ಪು ಮುಂದೆ ಬರುತ್ತದೆ. ನಾನೂ ಒಮ್ಮೆ ಹಂದಿ ಮಾಂಸವೇ ತಾನೇ ಅಂದುಕೊಂಡು ಉಳಿದ ಹ್ಯಾಮಿನಲ್ಲಿ ಕೊಡಗಿನ ಪಂದಿ ಕರಿ ಮಾಡಿದ್ದೆ. ಅಲ್ಲಿಂದ ಜೋಪಾನವಾಗಿ ತಂದ ಕಾಚಂಪುಳಿ ಎಂಬ ಕಪ್ಪು ಹುಳಿಯನ್ನೂ ಹಾಕಿದ್ದೆ. ಉಪ್ಪಿನಿಂದ ಯಾರೂ ತಿನ್ನಲಾಗಲಿಲ್ಲ, ಮಾಂಸ ದಾರದ ಹಾಗಾಗಿತ್ತು. ಪಂದಿ ಕರಿಗೆ ಕೊಬ್ಬಿರುವ ಹಸಿ ಮಾಂಸ ಬೇಕು. ಅದು ನಿಧಾನವಾಗಿ ಬೇಯುತ್ತಾ ಮಸಾಲೆ ಹೀರಿಕೊಳ್ಳಬೇಕು. ಹ್ಯಾಮ್ ಹೀರಿಕೊಳ್ಳುವುದಿಲ್ಲ, ತನ್ನ ಉಪ್ಪನ್ನು ಬಿಟ್ಟುಕೊಡುತ್ತದೆ. ಆ ಗುಣವನ್ನೇ ನಾವು ಬಳಸಿಕೊಳ್ಳಬೇಕು.

ಬೇಸಿಗೆಯಲ್ಲಿ ಹೀಗೆ ತಿನ್ನುವುದನ್ನು ತುಂಬ ಹಿಂದೆಯೇ ಕಲಿತ ಊರುಗಳಿವೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ರಷ್ಯಾದ ಒಕ್ರೋಶ್ಕಾ. ಮೊದಲ ಸಲ ತಿಂದಾಗ ನಮ್ಮ ಮಲೆನಾಡಿನ ತಂಬುಳಿ ಇಷ್ಟು ದೂರ ಹೇಗೆ ಬಂತು ಅನ್ನಿಸಿತ್ತು. ಅದೊಂದು ತಣ್ಣನೆ ಸೂಪು. ಹೆಸರಿನ ಮೂಲ ಸಣ್ಣಗೆ ಹೆಚ್ಚುವುದು ಎಂಬ ಅರ್ಥದ ಮಾತು. ಸೌತೆಕಾಯಿ, ಕೆಂಪು ಮೂಲಂಗಿ, ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಈರುಳ್ಳಿ ಸೊಪ್ಪು, ಜೊತೆಗೆ ಹ್ಯಾಮ್ ಅಥವಾ ಬೇಯಿಸಿದ ಸಾಸೇಜ್. ಎಲ್ಲವನ್ನೂ ಒಂದೇ ಅಳತೆಗೆ ಹೆಚ್ಚಿ, ಮೇಲೆ ಕ್ವಾಸ್ ಸುರಿಯುತ್ತಾರೆ. ಕ್ವಾಸ್ ಅಂದರೆ ರೈ ಬ್ರೆಡ್ ಹುದುಗಿಸಿ ಮಾಡುವ ಹುಳಿ ಪಾನೀಯ. ಬಹಳ ಮನೆಗಳಲ್ಲಿ ಕ್ವಾಸ್ ಬದಲು ಕೆಫಿರ್ ಹಾಕುತ್ತಾರೆ. ಕೆಫಿರ್ ನಮ್ಮ ಮಜ್ಜಿಗೆಯ ನೆಂಟ. ಕೊನೆಗೆ ಮೇಲೆ ಕೈತುಂಬ ಸಬ್ಬಸಿಗೆ ಸೊಪ್ಪು ಬೀಳುತ್ತದೆ.

ಸಬ್ಬಸಿಗೆ! ಇಂಡಿಯಾದ ಬೇರೆ ಕಡೆ ಹೋಗಿ ಈ ಸೊಪ್ಪು ಕೇಳಿದರೆ ಎಷ್ಟೋ ಮಂದಿಗೆ ಗುರುತೇ ಇರುವುದಿಲ್ಲ. ನಾವು ಅಕ್ಕಿ ರೊಟ್ಟಿಗೆ, ಉಪ್ಪಿಟ್ಟಿಗೆ ಹಾಕಿಕೊಂಡು ಬೆಳೆದವರು. ಇಲ್ಲಿನ ಅಂಗಡಿಯಲ್ಲಿ ಡಿಲ್ ಅಂತ ಸಣ್ಣ ಕಟ್ಟಿನಲ್ಲಿ ಸಿಗುತ್ತದೆ. ಅದರ ವಾಸನೆ, ಮಜ್ಜಿಗೆಯ ಹುಳಿ, ಹ್ಯಾಮಿನ ಹೊಗೆ ಮೂರೂ ಸೇರಿದಾಗ ಬೇರೆ ಮಸಾಲೆ ಏನೂ ಬೇಡ ಅನ್ನಿಸುತ್ತದೆ.

ಮಾಡುವುದು ಹೀಗೆ. ನಾಲ್ಕು ಜನಕ್ಕೆ ಎರಡು ಆಲೂಗಡ್ಡೆ, ಮೂರು ಮೊಟ್ಟೆ ಬೇಯಿಸಿ ಪೂರ್ತಿ ಆರಲು ಬಿಡಿ. ಬೆಳಿಗ್ಗೆ ತಂಪಿನಲ್ಲಿ ಈ ಕೆಲಸ ಮುಗಿಸಿ ಫ್ರಿಜ್‌ಗೆ ಹಾಕಿದ್ದರೆ ಸಂಜೆ ಒಲೆಯನ್ನೇ ಮುಟ್ಟಬೇಕಿಲ್ಲ. ಎರಡು ಸೌತೆಕಾಯಿ, ಏಳೆಂಟು ಕೆಂಪು ಮೂಲಂಗಿ, 150 ಗ್ರಾಂ ಹ್ಯಾಮ್, ನಾಲ್ಕು ಎಳೆ ಈರುಳ್ಳಿ ಸೊಪ್ಪು, ಎಲ್ಲ ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ. ಒಂದು ಮೊಟ್ಟೆಯ ಹಳದಿಯನ್ನು ಅರ್ಧ ಚಮಚ ಸಾಸಿವೆ ಪೇಸ್ಟ್ ಜೊತೆ ಕಿವುಚಿ, ಸ್ವಲ್ಪ ಮಜ್ಜಿಗೆಯಲ್ಲಿ ಕದಡಿ. ಇದರಿಂದ ಸೂಪಿಗೆ ಒಂದು ಮಂದ ಬರುತ್ತದೆ, ದಯವಿಟ್ಟು ಬಿಡಬೇಡಿ. ಮೂರು ಕಪ್ ಮೊಸರಿಗೆ ಒಂದೂವರೆ ಕಪ್ ತಣ್ಣೀರು ಸೇರಿಸಿ ಕಡೆದರೆ ಕೆಫಿರ್ ತರುವ ಅಗತ್ಯವೂ ಇಲ್ಲ. ಎಲ್ಲ ಸೇರಿಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಉಪ್ಪನ್ನು ಆಮೇಲೆ ನೋಡಿ. ಅಷ್ಟರಲ್ಲಿ ಹ್ಯಾಮ್ ತನ್ನ ಉಪ್ಪು ಬಿಟ್ಟಿರುತ್ತದೆ. ನಾನು ಹೆಚ್ಚಿನ ಸಲ ಒಂದು ಚಿಟಿಕೆಯನ್ನೂ ಹಾಕುವುದಿಲ್ಲ.

ನಿಮ್ಮ ಹ್ಯಾಮ್ ಮೇಲೆ ಜೇನಿನ ಲೇಪ ಇದ್ದರೆ ಆ ಅಂಚನ್ನು ಒಕ್ರೋಶ್ಕಾಗೆ ಹಾಕಬೇಡಿ, ಸಿಹಿ ಮಜ್ಜಿಗೆಗೆ ಒಗ್ಗುವುದಿಲ್ಲ. ಕತ್ತರಿಸಿ ಬೇರೆ ಇಡಿ, ಕೆಳಗೆ ಅದಕ್ಕೆ ಒಳ್ಳೆ ಜಾಗ ಇದೆ.

ಎರಡನೆಯದು ಜಪಾನಿನದು, ಹಿಯಾಶಿ ಚೂಕಾ. ತಣ್ಣಗಿನ ನೂಡಲ್ಸ್. ಸೆಕೆ ಶುರುವಾದ ಕೂಡಲೇ ಅಲ್ಲಿನ ಹೋಟೆಲುಗಳು ಬಾಗಿಲಲ್ಲಿ ‘ಹಿಯಾಶಿ ಚೂಕಾ ಶುರು ಮಾಡಿದ್ದೇವೆ’ ಅಂತ ಬರೆದು ಹಾಕುತ್ತವೆ. ನಮ್ಮ ಕಡೆ ಮಾವಿನ ಹಣ್ಣಿನ ಗಾಡಿ ಬಂದ ಹಾಗೆ. ನೂಡಲ್ಸ್ ಬೇಯಿಸಿ, ಐಸ್ ನೀರಿನಲ್ಲಿ ಚೆನ್ನಾಗಿ ತೊಳೆದು, ನೀರು ಬಸಿದು ತಟ್ಟೆಗೆ ಹಾಕಿ. ಮೇಲೆ ಹ್ಯಾಮ್, ಸೌತೆಕಾಯಿ, ತೆಳು ಆಮ್ಲೆಟ್, ಟೊಮೆಟೊ. ಎಲ್ಲ ಬೆಂಕಿಕಡ್ಡಿಯಷ್ಟು ತೆಳ್ಳಗೆ ಸೀಳಿ, ಬಣ್ಣ ಬಣ್ಣವಾಗಿ ಪಕ್ಕ ಪಕ್ಕ ಜೋಡಿಸಬೇಕು. ಮಕ್ಕಳಿಗೆ ಈ ಜೋಡಿಸುವ ಕೆಲಸ ಕೊಡಿ, ಸ್ಯಾಂಡ್‌ವಿಚ್ ಬೇಜಾರು ಮರೆಯುತ್ತಾರೆ. ಸಾಸ್‌ಗೆ ಮೂರು ಚಮಚ ಸೋಯಾ ಸಾಸ್, ಮೂರು ಚಮಚ ಅಕ್ಕಿ ವಿನೆಗರ್, ಒಂದೂವರೆ ಚಮಚ ಸಕ್ಕರೆ, ಒಂದು ಚಮಚ ಎಳ್ಳೆಣ್ಣೆ, ಮೂರು ಚಮಚ ನೀರು. ಇದು ಮೂರು ಜನಕ್ಕೆ. ಎಳ್ಳೆಣ್ಣೆ ಅಂದಾಗ ಅವರದ್ದು ಹುರಿದ ಎಳ್ಳಿನದ್ದು, ಕಂದು ಬಣ್ಣ, ಘಮ ಜಾಸ್ತಿ. ನಮ್ಮ ಗಾಣದ ಎಣ್ಣೆ ಹಾಕಿದರೆ ಆ ರುಚಿ ಬರುವುದಿಲ್ಲ. ಸೋಯಾ ಮಾತ್ರ ಉಪ್ಪು ಕಡಿಮೆ ಇರುವುದನ್ನೇ ತನ್ನಿ, ಹ್ಯಾಮಿನ ಉಪ್ಪು ಬೇರೆ ಇದೆಯಲ್ಲ. ನೂಡಲ್ಸ್ ಬದಲು ಒಣ ಅಕ್ಕಿ ಶಾವಿಗೆ ಇದ್ದರೆ ಇನ್ನೂ ಹಗುರ. ಬಿಸಿ ನೀರಿನಲ್ಲಿ ನೆನೆಸಿ, ತಣ್ಣೀರಿನಲ್ಲಿ ತೊಳೆದರೆ ಮುಗಿಯಿತು.

ಸ್ಪೇನಿನ ಕೊರ್ಡೊಬಾದಲ್ಲಿ ಸಾಲ್ಮೊರೆಹೊ ಮಾಡುತ್ತಾರೆ. ಹಣ್ಣು ಟೊಮೆಟೊ, ಹಳೆ ಬ್ರೆಡ್, ಬೆಳ್ಳುಳ್ಳಿ, ಆಲಿವ್ ಎಣ್ಣೆ ಒಟ್ಟಿಗೆ ನುಣ್ಣಗೆ ರುಬ್ಬಿ ತಣ್ಣಗೆ ಮಾಡಿ, ಮೇಲೆ ಬೇಯಿಸಿದ ಮೊಟ್ಟೆ ಮತ್ತು ಹ್ಯಾಮಿನ ಚೂರು ಉದುರಿಸುವುದು. ಅವರು ಹಾಕುವುದು ತಿಂಗಳುಗಟ್ಟಲೆ ಒಣಗಿಸಿದ ಹಾಮೋನ್. ನಿಮ್ಮ ಬೆಂದ ಹ್ಯಾಮ್ ಕೂಡ ನಡೆಯುತ್ತದೆ. ಆದರೆ ಕರ್ಬೂಜದ ಹೋಳಿಗೆ ಹ್ಯಾಮ್ ಸುತ್ತಿ ಕೊಡುವ ಇಟಲಿಯ ತಿಂಡಿಗೆ ನಡೆಯುವುದಿಲ್ಲ. ಅದಕ್ಕೆ ಕಾಗದದಷ್ಟು ತೆಳ್ಳಗೆ ಕೊಯ್ದ, ಒಣಗಿಸಿ ಹದ ಮಾಡಿದ ಹ್ಯಾಮೇ ಬೇಕು. ಬೆಂದದ್ದು ದಪ್ಪ, ಒದ್ದೆ.

ಇನ್ನು ಆ ಜೇನಿನ ಅಂಚು. ಜುಲೈ, ಆಗಸ್ಟ್ ಅಂದರೆ ಅಮೆರಿಕದಲ್ಲಿ ಸಿಹಿ ಮುಸುಕಿನ ಜೋಳದ ಕಾಲ. ನಾಲ್ಕು ತೆನೆ ತಂದು ಕಾಳು ಬಿಡಿಸಿಕೊಳ್ಳಿ. ಬಾಣಲೆಯಲ್ಲಿ ಒಂದು ಚಮಚ ಎಣ್ಣೆ, ಸಾಸಿವೆ, ಹಸಿಮೆಣಸು, ಕರಿಬೇವು. ಜೋಳ ಹಾಕಿ ಮೂರು ನಿಮಿಷ ತಿರುವಿ. ಕೊನೆಯ ಒಂದು ನಿಮಿಷ ಇರುವಾಗ ಹ್ಯಾಮ್ ಚೂರು ಹಾಕಿ, ಒಲೆ ಆರಿಸಿ, ನಿಂಬೆ ಹಿಂಡಿ. ಬೇಕಿದ್ದರೆ ಮೇಲೆ ಕಾಯಿತುರಿ. ಉಸಲಿಯ ಹಾಗೆ ಬಟ್ಟಲಿಗೆ ಹಾಕಿಕೊಂಡು ಹಿತ್ತಲಲ್ಲಿ ಕೂತು ತಿನ್ನಬಹುದು. ಒಲೆ ಹಚ್ಚಿದ್ದು ಐದು ನಿಮಿಷ. ಪಕ್ಕಕ್ಕೆ ಒಂದು ಲೋಟ ನೀರು ಮಜ್ಜಿಗೆ ಇದ್ದರೆ ನನ್ನ ಮನೆಯಲ್ಲಿ ಅದೇ ಪೂರ್ತಿ ಊಟ. ಫ್ರೀಜರ್‌ನಿಂದ ತೆಗೆದ ಹ್ಯಾಮ್‌ಗೂ ಇದೇ ಸರಿಯಾದ ಅಡುಗೆ. ಹೆಪ್ಪುಗಟ್ಟಿ ಕರಗಿದ ಮೇಲೆ ಹ್ಯಾಮ್ ಸ್ವಲ್ಪ ನೀರು ಬಿಟ್ಟು ಪುಡಿಯಾಗುತ್ತದೆ, ತಣ್ಣಗೆ ತಿನ್ನಲು ಅಷ್ಟು ಚೆನ್ನಾಗಿರುವುದಿಲ್ಲ. ಒಗ್ಗರಣೆಯಲ್ಲಿ ಅದು ಗೊತ್ತೇ ಆಗುವುದಿಲ್ಲ.

ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಬಂದಿರುವ ಮನೆಗಳು ಬಹಳ. ಅವರಿಗೂ ಬಡಿಸುವುದಾದರೆ ಎರಡು ವಿಷಯ ಗಮನದಲ್ಲಿರಲಿ. ಒಂದು, ಉಪ್ಪು. 100 ಗ್ರಾಂ ಹ್ಯಾಮಿನಲ್ಲಿ ಸಾಮಾನ್ಯವಾಗಿ 1,000 ಮಿಲಿಗ್ರಾಂಗಿಂತ ಜಾಸ್ತಿ ಸೋಡಿಯಂ ಇರುತ್ತದೆ. ಇಡೀ ದಿನಕ್ಕೆ 2,000 ಮಿಲಿಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಬಿಪಿ ಇರುವವರಿಗೆ ಇದು ಸಣ್ಣ ಸಂಗತಿ ಅಲ್ಲ. ಇನ್ನೊಂದು, ತಣ್ಣಗಿನ ಮಾಂಸದಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಭಯ ಇದೆ, ಅದು ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ. 65 ದಾಟಿದವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಹ್ಯಾಮನ್ನು ಹಬೆ ಏಳುವಷ್ಟು, ಅಂದರೆ 165 ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಿಯೇ ತಿನ್ನಬೇಕು. ಅಂಥವರ ಪಾಲಿನ ಹ್ಯಾಮ್ ಬೇರೆ ಬಿಸಿ ಮಾಡಿ, ಬಿಸಿ ಇರುವಾಗಲೇ ಜೋಳಕ್ಕೆ ಬೆರೆಸಿ ಕೊಡಿ. ಅವರ ಒಕ್ರೋಶ್ಕಾಗೆ ಹ್ಯಾಮ್ ಬಿಟ್ಟು ಮೊಟ್ಟೆ ಜಾಸ್ತಿ ಹಾಕಿ, ರುಚಿ ಏನೂ ಕಡಿಮೆಯಾಗುವುದಿಲ್ಲ.

ಹದ ಮಾಡಿದ ಮಾಂಸವನ್ನು ದಿನಾ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು 18% ಏರುತ್ತದೆ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿತ್ತು. ಹಬ್ಬಕ್ಕೊಮ್ಮೆ ತಂದದ್ದು ಖಾಲಿ ಮಾಡುವುದಕ್ಕೆ ಹೆದರಬೇಕಿಲ್ಲ. ಆದರೆ ಉಳಿದಿದೆ ಅಂತ ವಾರವಿಡೀ ಮೂರು ಹೊತ್ತೂ ತಿನ್ನುವುದು ಬೇಡ. ಫ್ರೀಜರ್ ಇರುವುದೇ ಅದಕ್ಕೆ.

ಕೆಟ್ಟಿದೆಯೋ ಇಲ್ಲವೋ ಹೇಗೆ ತಿಳಿಯುವುದು ಅಂತಲೂ ಬಹಳ ಜನ ಕೇಳುತ್ತಾರೆ. ಹೋಳಿನ ಮೇಲೆ ಕಾಮನಬಿಲ್ಲಿನ ಹಾಗೆ ಹಸಿರು ನೇರಳೆ ಹೊಳಪು ಕಂಡರೆ ಗಾಬರಿಯಾಗಬೇಡಿ. ನಾರನ್ನು ಅಡ್ಡ ಕೊಯ್ದ ನುಣುಪು ಮೇಲ್ಮೈಯಲ್ಲಿ ಬೆಳಕು ಒಡೆದು ಹಾಗೆ ಕಾಣುತ್ತದೆ. ಅದೊಂದರಿಂದಲೇ ಕೆಟ್ಟಿದೆ ಅನ್ನಲಾಗದು. ಮುಟ್ಟಿದರೆ ಲೋಳೆ ಲೋಳೆ, ಹುಳಿ ವಾಸನೆ, ಇವೆರಡರಲ್ಲಿ ಒಂದಿದ್ದರೂ ಎಸೆಯಿರಿ. ವಾಸನೆ ಸರಿ ಇದ್ದರೂ ನಾಲ್ಕು ದಿನ ದಾಟಿದ್ದನ್ನು ನಾನು ಬಳಸುವುದಿಲ್ಲ. ಹಿತ್ತಲಿನ ಊಟದಲ್ಲಿ ಇನ್ನೊಂದು ಎಚ್ಚರ ಬೇಕು. ಸಾಮಾನ್ಯವಾಗಿ 2 ಗಂಟೆಗಿಂತ ಹೆಚ್ಚು ಹೊತ್ತು ಮಾಂಸ ಹೊರಗಿರಬಾರದು. 90 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 32 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ ಆ ಅವಧಿ 1 ಗಂಟೆಗೆ ಇಳಿಯುತ್ತದೆ. ಜುಲೈ 4ರ ಮಧ್ಯಾಹ್ನ ನಿಮ್ಮ ಹ್ಯಾಮ್ ಮೇಜಿನ ಮೇಲೆ ಬಿಸಿಲಲ್ಲಿ ಸಂಜೆಯವರೆಗೆ ಕೂತಿದ್ದರೆ ಮೇಲೆ ಹೇಳಿದ ಯಾವ ಅಡುಗೆಗೂ ಅದು ಬೇಡ.

ಮೂಳೆಯನ್ನು ಮಾತ್ರ ಬಿಸಾಡಬೇಡಿ. ಸ್ವಲ್ಪ ಮಾಂಸ ಅಂಟಿಕೊಂಡಿರುವಂತೆಯೇ ಗಟ್ಟಿಯಾಗಿ ಸುತ್ತಿ ಫ್ರೀಜರ್‌ನಲ್ಲಿಡಿ. ಒಂದೆರಡು ತಿಂಗಳು ರುಚಿ ಹೋಗುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಸ್ವೆಟರ್ ಹುಡುಕುವ ಸಂಜೆ, ಎರಡು ಕಪ್ ಬಟಾಣಿ ಬೇಳೆ, ಒಂದು ಈರುಳ್ಳಿ, ಎರಡು ಕ್ಯಾರೆಟ್ ಜೊತೆ ಆ ಮೂಳೆ ಹಾಕಿ, ಮುಳುಗುವಷ್ಟು ನೀರಿಟ್ಟು ಸಣ್ಣ ಉರಿಯಲ್ಲಿ ಎರಡು ಗಂಟೆ ಬಿಡಿ. ಆಗ ಒಲೆಯ ಮುಂದೆ ನಿಲ್ಲೋದು ನಿಮಗೇ ಹಿತವಾಗಿರುತ್ತದೆ.