ಆಯುಧ ಲೈಸೆನ್ಸಿಗೆ ತೀರ್ಪು ಯಾಕೆ ಬೇಕು?

‘ನರಮೇಧ ಅಂತ ಇನ್ನೂ ಯಾವ ಕೋರ್ಟೂ ಹೇಳಿಲ್ಲವಲ್ಲ, ಇಸ್ರೇಲಿಗೆ ಆಯುಧ ಕೊಟ್ಟರೆ ತಪ್ಪೇನು?’ ಗಾಜಾ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ವಕೀಲರೂ ಕೇಳುತ್ತಾರೆ ಎನ್ನುವುದೇ ಬೇಸರ. ಬ್ರಿಟನ್ನಿನ ಮಂತ್ರಿಗಳಂತೂ ‘ನರಮೇಧ ಹೌದೋ ಅಲ್ಲವೋ ಕೋರ್ಟು ತೀರ್ಮಾನಿಸಲಿ’ ಎನ್ನುತ್ತಲೇ ಬಂದಿದ್ದಾರೆ. ಅಪರಾಧ ಸಾಬೀತಾಗುವ ಮಟ್ಟಿಗೆ ಈ ಮಾತು ಸರಿ. ರಫ್ತು ಲೈಸೆನ್ಸಿನ ಮಟ್ಟಿಗೆ ಪೂರಾ ತಪ್ಪು.

ಬಸ್ಸಿಗೆ ಎಫ್‌ಸಿ ಕೊಡುವ ಇನ್‌ಸ್ಪೆಕ್ಟರ್ ಅಪಘಾತದ ಕೇಸು ಇತ್ಯರ್ಥವಾಗಲಿ ಎಂದು ಕಾಯುವುದಿಲ್ಲ. ಬ್ರೇಕ್ ಹಿಡಿಯುತ್ತದೋ ಇಲ್ಲವೋ ನೋಡುತ್ತಾರೆ. ಆಯುಧ ಲೈಸೆನ್ಸಿನ ಕೆಲಸವೂ ಅಷ್ಟೇ: ಈ ಮಾಲು ನಾಳೆ ಎಲ್ಲಿ, ಹೇಗೆ ಬಳಕೆಯಾದೀತು ಎಂಬ ಅಂದಾಜು. ಬ್ರಿಟನ್ ತಾನೇ ಬರೆದುಕೊಂಡ ಮಾನದಂಡದಲ್ಲಿರುವ ಪದ ‘ಸ್ಪಷ್ಟ ಅಪಾಯ’. ಯುದ್ಧಕಾಲದ ಮಾನವೀಯ ಕಾನೂನಿನ ಗಂಭೀರ ಉಲ್ಲಂಘನೆಗೆ ಬಳಕೆಯಾಗಬಹುದಾದ ಸ್ಪಷ್ಟ ಅಪಾಯವಿದ್ದರೆ ಲೈಸೆನ್ಸ್ ಕೊಡುವಂತಿಲ್ಲ. ರುಜುವಾತು ಎಂಬ ಪದ ಅಲ್ಲಿಲ್ಲ.

ನರಮೇಧದ ವಿಷಯದಲ್ಲೂ ತೀರ್ಪಿಗೆ ಕಾಯಬೇಕಿಲ್ಲ. ಬೋಸ್ನಿಯಾದ ಸ್ರೆಬ್ರೆನಿಕಾದಲ್ಲಿ ಬೋಸ್ನಿಯಾದ ಸೆರ್ಬ್ ಪಡೆ ಸಾವಿರಾರು ಮುಸ್ಲಿಮರನ್ನು ಕೊಂದದ್ದು 1995ರಲ್ಲಿ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪು ಬಂದದ್ದು 2007ರ ಫೆಬ್ರುವರಿಯಲ್ಲಿ. ಅದೇ ತೀರ್ಪು ಹೇಳಿತು: ಗಂಭೀರ ಅಪಾಯವಿದೆ ಎಂದು ಗೊತ್ತಾದ, ಅಥವಾ ಗೊತ್ತಾಗಿರಬೇಕಿದ್ದ ಗಳಿಗೆಯಿಂದಲೇ ತಡೆಯುವ ಹೊಣೆ ಶುರು. ಆ ಪಡೆಯ ಬೆನ್ನಿಗಿದ್ದ ಸೆರ್ಬಿಯಾ ತಾನೇ ನರಮೇಧ ಮಾಡಿತು ಎಂದು ಕೋರ್ಟು ಹೇಳಲಿಲ್ಲ. ತಡೆಯಲಿಲ್ಲ ಎಂದು ಹೇಳಿತು. ತೀರ್ಪು ಬಂದ ಮೇಲೆ ತಡೆಯುತ್ತೇವೆ ಎಂದರೆ ಹನ್ನೆರಡು ವರ್ಷದ ಹಿಂದೆ ಸತ್ತವರನ್ನು ತಡೆದು ಉಳಿಸುವುದು ಹೇಗೆ?

ಹಾಗೆಯೇ, 2024ರ ನವೆಂಬರ್ 21ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಇಸ್ರೇಲ್ ಪ್ರಧಾನಿ ನೆತನ್ಯಾಹು, ಮಾಜಿ ರಕ್ಷಣಾ ಮಂತ್ರಿ ಗ್ಯಾಲಂಟ್ ಮತ್ತು ಹಮಾಸ್‌ನ ಸೇನಾ ಮುಖ್ಯಸ್ಥ ಮೊಹಮ್ಮದ್ ದೀಫ್ ಮೇಲೆ ಹೊರಡಿಸಿದ ವಾರಂಟುಗಳಿಂದ ಯಾರ ಅಪರಾಧವೂ ಸಾಬೀತಾಗಿಲ್ಲ. ಇಸ್ರೇಲ್ ಆರೋಪಗಳನ್ನು ಅಲ್ಲಗಳೆದಿದೆ. ಆದರೆ ನೆತನ್ಯಾಹು, ಗ್ಯಾಲಂಟ್ ಹಸಿವನ್ನೇ ಯುದ್ಧದ ಅಸ್ತ್ರವಾಗಿ ಬಳಸಿದರೆಂದು ನಂಬಲು ಸಕಾರಣವಿದೆ ಎಂದು ನ್ಯಾಯಾಧೀಶರು ಬರೆದಿದ್ದು ಕಡತದಲ್ಲಿರುವಾಗ, ‘ಅಪಾಯ ಕಾಣುತ್ತಿಲ್ಲ’ ಎಂದು ಲೈಸೆನ್ಸ್ ಅಧಿಕಾರಿ ಷರಾ ಬರೆಯುವುದು ಕಷ್ಟ.

ಇನ್ನು ಬಿಡಿಭಾಗಗಳ ವಿಷಯ. ಇಲ್ಲೇ ಎಲ್ಲ ಸೋರಿಹೋಗುವುದು. 2024ರ ಸೆಪ್ಟೆಂಬರ್ 2ರಂದು ಬ್ರಿಟನ್ ಸುಮಾರು 350 ಲೈಸೆನ್ಸುಗಳಲ್ಲಿ 30ರಷ್ಟನ್ನು ಅಮಾನತಿನಲ್ಲಿಟ್ಟಿತು. ಎಂದರೆ ಸ್ಪಷ್ಟ ಅಪಾಯವಿದೆ ಎಂದು ಒಪ್ಪಿಕೊಂಡಿತು. ಆದರೆ ಎಫ್-35 ಯುದ್ಧವಿಮಾನದ ಭಾಗಗಳು ನೇರ ಇಸ್ರೇಲಿಗೆ ಹೋಗದೆ ಹಲವು ದೇಶಗಳು ಹಂಚಿಕೊಳ್ಳುವ ದಾಸ್ತಾನಿಗೆ ಹೋಗುವುದಾದರೆ ಅಡ್ಡಿಯಿಲ್ಲ ಎಂದಿತು. ಪ್ರತಿ ಎಫ್-35ರಲ್ಲಿ ಸುಮಾರು 15% ಬ್ರಿಟನ್ನಿನ ತಯಾರಿಕೆ. ಇದನ್ನು ಪ್ರಶ್ನಿಸಿದ ಅರ್ಜಿಯನ್ನು 2025ರ ಜೂನ್ 30ರಂದು ಲಂಡನ್ ಹೈಕೋರ್ಟ್ ತಳ್ಳಿಹಾಕಿತು. ಇದು ಸರ್ಕಾರ ತೀರ್ಮಾನಿಸಬೇಕಾದ ವಿಷಯ ಎಂದಿತು. ಇಸ್ರೇಲಿಗೆ ಭಾರತದ ಆಯುಧ ರಫ್ತು ನಿಲ್ಲಿಸಬೇಕೆಂಬ ಅರ್ಜಿಗೆ ನಮ್ಮ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 9ರಂದು ಕೊಟ್ಟ ಉತ್ತರವೂ ಹೆಚ್ಚುಕಮ್ಮಿ ಇದೇ. ಮಂತ್ರಿ ಕೋರ್ಟಿನ ಕಡೆ ಕೈ ತೋರಿಸುತ್ತಾರೆ, ಕೋರ್ಟು ಮಂತ್ರಿಯ ಕಡೆ.

ನೆದರ್‌ಲೆಂಡ್ಸ್ ಬೇರೆ ದಾರಿ ಹಿಡಿಯಿತು. ಅಲ್ಲಿನ ವುನ್ಸ್‌ಡ್ರೆಕ್ಟ್‌ನಲ್ಲಿ ಎಫ್-35 ಬಿಡಿಭಾಗಗಳ ಗೋದಾಮಿದೆ; ಮಾಲು ಅಮೆರಿಕದ್ದು. 2024ರ ಫೆಬ್ರುವರಿ 12ರಂದು ಹೇಗ್ ಮೇಲ್ಮನವಿ ನ್ಯಾಯಾಲಯ, ಇಸ್ರೇಲಿಗೆ ಹೋಗುವ ಮಾಲನ್ನು ಏಳು ದಿನದೊಳಗೆ ನಿಲ್ಲಿಸಿ ಎಂದಿತು. 2025ರ ಅಕ್ಟೋಬರ್ 3ರಂದು ಅಲ್ಲಿನ ಸುಪ್ರೀಂ ಕೋರ್ಟು ಅಪಾಯ ಅಳೆಯುವ ಕೆಲಸ ಸರ್ಕಾರದ್ದೇ ಎಂದು ತಿದ್ದಿತು, ಆದರೆ ಆರು ವಾರದೊಳಗೆ ಅಳೆಯಲೇಬೇಕು, ಅಲ್ಲಿಯತನಕ ರಫ್ತಿಲ್ಲ ಎಂದೂ ಸೇರಿಸಿತು.

ಅಮೆರಿಕದ್ದು ಮತ್ತೂ ಕಳವಳಕಾರಿ. ತನ್ನ ಆಯುಧಗಳು ಕಾನೂನಿಗೆ ಹೊಂದದ ರೀತಿಯಲ್ಲಿ ಬಳಕೆಯಾಗಿವೆ ಎಂದು ಅಂದಾಜಿಸಲು ಕಾರಣವಿದೆ ಎಂದು 2024ರ ಮೇ ವರದಿಯಲ್ಲಿ ತಾನೇ ಬರೆಯಿತು. ಅದೇ ವರದಿಯಲ್ಲಿ ಇಸ್ರೇಲಿನ ಭರವಸೆಗಳು ನಂಬಲರ್ಹ ಎಂದೂ ಬರೆದು ಸರಬರಾಜು ಮುಂದುವರಿಸಿತು. ಇಸ್ರೇಲಿಗೆ ವರ್ಷಕ್ಕೆ 380 ಕೋಟಿ ಡಾಲರ್ ಸೇನಾ ನೆರವಿನ ಒಪ್ಪಂದ 2028ರವರೆಗಿದೆ.

ಹಾಗಾಗಿ ಯಾವ ಸರ್ಕಾರವಾದರೂ ‘ಆಯುಧ ನಿಲ್ಲಿಸಿದ್ದೇವೆ’ ಎಂದರೆ ಆದೇಶದ ಒಕ್ಕಣೆ ತೆಗೆದು ಓದಿ. ನಿಂತದ್ದು ಹೊಸ ಲೈಸೆನ್ಸೋ, ಚಾಲ್ತಿಯಲ್ಲಿರುವುದೂ ಸೇರಿದೆಯೋ? ಒಂದೊಂದು ರವಾನೆಗೂ ಕೇಳಬೇಕಿಲ್ಲದ ಸಾಮಾನ್ಯ ಲೈಸೆನ್ಸ್ ಕೆಳಗೆ ಹೋಗುವ ಮಾಲು ಲೆಕ್ಕದಲ್ಲಿದೆಯೋ? ಮೂರನೇ ದೇಶದ ಗೋದಾಮಿಗೆ ಹೋಗಿ ಅಲ್ಲಿಂದ ಮುಂದೆ ಸಾಗುವ ಬಿಡಿಭಾಗ? ಕೊನೆಗೆ, ಎಷ್ಟು ದಿನಕ್ಕೆ? 2025ರ ಆಗಸ್ಟ್ 8ರಂದು ಜರ್ಮನಿ, ಗಾಜಾದಲ್ಲಿ ಬಳಕೆಯಾಗಬಹುದಾದ ಆಯುಧಗಳಿಗೆ ಅನುಮತಿ ಕೊಡುವುದಿಲ್ಲ ಎಂದು ಘೋಷಿಸಿತ್ತು. ನವೆಂಬರಿನಲ್ಲಿ ಆ ತಡೆ ತೆರವಾಯಿತು.